ಮೂಲೆಯಿಲ್ಲದ ಇಗರ್ಜಿ

ಹೊಳೆಯ ನಡುವಿನ ನಡುಗಡ್ಡೆ ಮಳಲಿಕುದ್ರುವಿಗೆ ದೋಣಿಯಲ್ಲಿ ಹೋದರೆ, ತೆಂಗಿನ ಸಾಲು ಮುಗಿದಲ್ಲಿ, ಮಗುಚಿಟ್ಟ ಗಡಿಗೆಯಂಥ ಪುಟ್ಟ ಬಿಳಿ ಕಟ್ಟಡವೊಂದು ಕಾಣುತ್ತದೆ. ಒಳಗೆ ಐವತ್ತು ಜನ ಹಿಡಿಸಿದರೆ ಹೆಚ್ಚು. ಯಾವ ಸಂತರ ಹೆಸರಿನದೆಂದು ಕೇಳಿ ನೋಡಿ, ದೋಣಿಯವನು ತಲೆ ಕೆರೆದುಕೊಳ್ಳುತ್ತಾನೆ. ‘ಮೂಲೆಯಿಲ್ಲದ ಇಗರ್ಜಿ’ ಎನ್ನಿ, ಹುಟ್ಟು ಎತ್ತಿ ತೋರಿಸುತ್ತಾನೆ. ಇದನ್ನು ಕಟ್ಟಿಸಿದ್ದು ಪಾಳೆಯಗಾರನಲ್ಲ, ಪರದೇಶದ ಪಾದ್ರಿಯೂ ಅಲ್ಲ. ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಕಾರ್ಮಿಣ್ ಬಾಯಿ ಎಂಬ ವಿಧವೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಅಳಿವೆಗೆ ದೂರದೇಶದ ಹಡಗುಗಳು ಬರುತ್ತಿದ್ದ ಕಾಲದಲ್ಲಿ, ಆಚೆ ದಡದ ದೊಡ್ಡ ಇಗರ್ಜಿಯ ಗೋಡೆಗೆಲ್ಲ ಕುದ್ರುವಿನ ಸುಣ್ಣವೇ ಬೇಕಿತ್ತು. ಸುಣ್ಣದವರು ಮಾತ್ರ ಬೇಡವಾಗಿತ್ತು. ಅವರ ಮೈಮೇಲಿನ ಧೂಳು ರೇಷ್ಮೆ ಬಟ್ಟೆಗೆ ತಾಗೀತೆಂದು, ಊರ ಕ್ರೈಸ್ತರ ಮುಖ್ಯಸ್ಥ ಗುರ್ಕಾರ ಬಸ್ತ್ಯಾಂವ್ ಅವರನ್ನು ಹಿಂದಿನ ಮೂಲೆಗೆ ಅಟ್ಟುತ್ತಿದ್ದ. ಅಲ್ಲಿಂದ ಪೀಠ ಕಾಣದು, ಕಾಣುವುದು ಒಂದು ಕಂಬ. ಗಂಡನ ಮರಣದ ಪೂಜೆಯನ್ನೂ ಆ ಕಂಬ ನೋಡುತ್ತಲೇ ಮುಗಿಸಿದ ಕಾರ್ಮಿಣ್ ಬಾಯಿ, ಮಾರನೆಯ ದಿನ ತನ್ನವರನ್ನು ಕರೆದು ಕುದ್ರುವಿನ ನೆಲಕ್ಕೊಂದು ಗೂಟ ಹೊಡೆದಳು. ಅವರಿಗೆ ಕಟ್ಟಲು ಗೊತ್ತಿದ್ದುದು ಒಂದೇ, ಚಿಪ್ಪು ಸುಡುವ ದುಂಡನೆಯ ಸುಣ್ಣದ ಗೂಡು. ಗೂಟಕ್ಕೆ ಹಗ್ಗ ಬಿಗಿದು ಸುತ್ತು ಬಂದು, ಹಗ್ಗದ ತುದಿ ಮುಟ್ಟಿದಲ್ಲೆಲ್ಲ ಕಲ್ಲಿಡುತ್ತ ಅದನ್ನೇ ದೊಡ್ಡದಾಗಿ ಎಬ್ಬಿಸಿದರು. ಗೂಟವಿದ್ದ ನಡುಮಧ್ಯದ ಜಾಗವನ್ನು ಪೀಠಕ್ಕೆಂದು ಬಿಟ್ಟರು.

ಆದರೆ ಪಾದ್ರಿ ಆಶೀರ್ವದಿಸದೆ ಗೂಡು ಇಗರ್ಜಿಯಾದೀತೆ? ಪಾದ್ರಿ ಬಂದ, ಬೆನ್ನಿಗೇ ಗುರ್ಕಾರನೂ ದೋಣಿ ಇಳಿದ.

“ಏನಿದು ಬಾಯಿ, ನಮ್ಮನ್ನು ಒಳಗೆ ಹಾಕಿ ಬೇಯಿಸುತ್ತೀಯಾ?”

“ಹಸಿ ಇದ್ದವರು ಬೇಯಲಿ ಬಿಡಿ, ಗುರ್ಕಾರರೇ.”

“ನಾಲಗೆ ಉದ್ದವೇ ಇದೆ. ನಾನು ನಿಲ್ಲುವ ಮುಂದಿನ ಸಾಲು ಎಲ್ಲಿ? ನಿಮ್ಮ ಮೂಲೆ ಎಲ್ಲಿ?”

ಪಾದ್ರಿ ಇಕ್ಕಟ್ಟಿಗೆ ಸಿಕ್ಕ. ಹಿಂಬದಿಯಲ್ಲಿ ಒಂದು ಮೂಲೆ ಕಟ್ಟಿಸು, ಆಶೀರ್ವದಿಸುತ್ತೇನೆ. ಇಲ್ಲವಾದರೆ ಇದು ಗೂಡಾಗಿಯೇ ಇರಲಿ ಎಂದ. ಕಾರ್ಮಿಣ್ ಬಾಯಿ ಗೂಟದ ಹಗ್ಗವನ್ನು ಅವನ ಕೈಗಿತ್ತಳು.

“ನೀವೇ ಸುತ್ತು ಬನ್ನಿ ಪಾದ್ರಿಗಳೇ. ಎಲ್ಲಿ ನಿಂತರೆ ದೇವರು ದೂರವಾಗುತ್ತಾನೋ ಅಲ್ಲಿ ಗುರುತು ಹಾಕಿ. ಅಲ್ಲೇ ಮೂಲೆ ಕಟ್ಟುತ್ತೇವೆ.”

ಪಾದ್ರಿ ಹಗ್ಗ ಬಿಗಿಹಿಡಿದು ಗೋಡೆಗುಂಟ ನಡೆದ. ಒಂದು ಸುತ್ತು, ಎರಡು ಸುತ್ತು. ಹಗ್ಗ ಎಲ್ಲೂ ಉದ್ದವಾಗಲಿಲ್ಲ. ಮೂರನೆಯ ಸುತ್ತಿಗೆ ಅವನ ಕರಿ ನಿಲುವಂಗಿಯ ಒಂದು ಮಗ್ಗುಲೆಲ್ಲ ಹಸಿ ಸುಣ್ಣ ಮೆತ್ತಿ ಬೆಳ್ಳಗಾಗಿತ್ತು. ಅದನ್ನು ನೋಡಿದವನು, ಒರೆಸಿಕೊಳ್ಳದೆ, ಗೂಟ ಕೀಳಿಸಿ ಅಲ್ಲಿ ಪೀಠ ಇಡಿಸಿದ. ಗುರ್ಕಾರ ದೋಣಿಗೆ ಮರಳಿದ. ಪೂಜೆಯನ್ನು ಅಲ್ಲಿಂದಲೇ ಕೇಳಿದನಂತೆ.

ಇಂದಿಗೂ ಹಬ್ಬದ ಮುಂಜಾನೆ ಒಳಗೋಡೆಗೆ ಸುಣ್ಣ ಬಳಿದು, ಒಣಗುವ ಮೊದಲೇ ಜನರನ್ನು ಒಳಗೆ ಬಿಡುತ್ತಾರೆ. ಪೇಟೆಯಿಂದ ಬಂದವರು ಭುಜ ಉಜ್ಜಿಕೊಳ್ಳುತ್ತ ಗೊಣಗುತ್ತಾರೆ. “ಉಜ್ಜಬೇಡಿ, ಹಾಗೇ ಮನೆಗೆ ಹೋಗಿ” ಎನ್ನುತ್ತಾರೆ ಕುದ್ರುವಿನ ಹೆಂಗಸರು, “ನಾಲ್ಕು ಜನ ನೋಡಲಿ.”