ಬಿಲದ ಬಾಗಿಲ ಚಿಪ್ಪುಗಳು

ಹಾವಿನ ಕಾಟ ಹೆಚ್ಚಿದ್ದ ಎರಡು ಪಟ್ಟಣಗಳಿಂದ ಒಂದು ತಾಯಿ ಮುಂಗುಸಿಗೆ ಒಂದೇ ದಿನ ಕೆಲಸದ ಕರೆ ಬಂತು. ದೊಡ್ಡ ಪಟ್ಟಣದಿಂದ ಬಂದ ನರಿ, "ದಿನಕ್ಕೆ ಹತ್ತು ಮೊಟ್ಟೆ ಸಂಬಳ" ಎಂದಿತು. ಸಣ್ಣ ಪಟ್ಟಣದಿಂದ ಬಂದ ಆಮೆ, "ನಮ್ಮಲ್ಲಿ ನಾಲ್ಕೇ" ಎಂದು ತಲೆ ತಗ್ಗಿಸಿತು.

ಮುಂಗುಸಿ ಯಾರಿಗೂ ಮಾತು ಕೊಡಲಿಲ್ಲ. ಎರಡೂ ಊರಿಗೆ ಹೋಗಿ, ಅಲ್ಲಿ ದುಡಿಯುವ ಮುಂಗುಸಿಗಳ ಬಿಲದ ಬಾಗಿಲಲ್ಲಿ ತಿಂದ ಮೊಟ್ಟೆಯ ಚಿಪ್ಪು ಎಷ್ಟು ಬಿದ್ದಿವೆಯೆಂದು ನೋಡಿ, ಮಿಕ್ಕ ಮೊಟ್ಟೆ ಎಲ್ಲಿಗೆ ಹೋಗುತ್ತದೆಂದು ಕೇಳಿಕೊಂಡು ಬಂತು.

"ನರಿಯವರೇ, ನಿಮ್ಮೂರಿನ ಮುಂಗುಸಿ ಬಿಲದ ಬಾಡಿಗೆಯೆಂದು ಹೆಗ್ಗಣಕ್ಕೆ ಐದು ಮೊಟ್ಟೆ ಕೊಡುತ್ತದೆ. ನೀರಿಗೆ ಎರಡು, ದಾರಿಯ ಸುಂಕಕ್ಕೆ ಎರಡು. ಹೆಸರಿಗೆ ಹತ್ತು, ಹೊಟ್ಟೆಗೆ ಒಂದು. ಆಮೆಯವರ ಊರಿನಲ್ಲಿ ನೀರು, ದಾರಿ ಪುಕ್ಕಟೆ; ಬಾಡಿಗೆಯ ಒಂದು ಕಳೆದು ಮೂರು ಉಳಿಯುತ್ತವೆ."

"ಹತ್ತು ಮೊಟ್ಟೆಯ ಕೆಲಸವೆಂದರೆ ನೆಂಟರಲ್ಲಿ ಎಷ್ಟು ಮರ್ಯಾದೆ, ಯೋಚಿಸು."

"ಮರ್ಯಾದೆಯನ್ನು ಮರಿಗಳಿಗೆ ತಿನ್ನಿಸಲಾಗುವುದಿಲ್ಲ, ಸ್ವಾಮಿ," ಎಂದು ಮುಂಗುಸಿ ಆಮೆಯ ಹಿಂದೆ ಹೊರಟಿತು.

ವರ್ಷ ತುಂಬುವ ಹೊತ್ತಿಗೆ ಅದರ ಮರಿಗಳು ನಾಗರಹಾವನ್ನೇ ಕೆಡಹುವಷ್ಟು ಬಲಿತಿದ್ದವು. ಒಂದು ಮಧ್ಯಾಹ್ನ ದೊಡ್ಡ ಪಟ್ಟಣದ ಹತ್ತು ಮೊಟ್ಟೆಯ ಮುಂಗುಸಿ, ಎಲುಬು ಕಾಣುವಷ್ಟು ಬಡಕಲಾಗಿ, ತಾಯಿ ಮುಂಗುಸಿಯ ಬಿಲದ ಬಾಗಿಲಿಗೆ ಬಂದು ನಿಂತಿತು. ಇಲ್ಲಿ ಸಂಬಳ ಎಷ್ಟೆಂದು ಅದು ಕೇಳಲಿಲ್ಲ. ಚಿಪ್ಪಿನ ರಾಶಿಯನ್ನು ತುಂಬ ಹೊತ್ತು ನೋಡಿ, "ಅಕ್ಕಾ, ನಾನು ಬಿಲ ಎಲ್ಲಿ ತೋಡಲಿ?" ಎಂದು ಕೇಳಿತು.