ಮೊಲದಾಟಿನ ಚಂಗಪ್ಪ

ಕೇಳಿ ಮಕ್ಕಳೇ, ಕಾಡಿನ ನಡುವೆ ಬಿಳಿಹೊಳೆ ಅಂತ ಒಂದು ಹೊಳೆ. ಗುಡ್ಡದ ನೆತ್ತಿಯಲ್ಲಿ ಹುಟ್ಟಿ, ಬಳುಕುತ್ತಾ ಇಳಿದು, ಒಂದು ಕಡೆ ಎರಡು ಬಂಡೆಗಳ ನಡುವೆ ಮೈ ಹಿಂಡಿಕೊಂಡು ನುಗ್ಗುತ್ತಿತ್ತು. ಆ ಜಾಗದ ಹೆಸರು ಮೊಲದಾಟು. ಅದರ ಕೆಳಗೆ ಅಗಲವಾದ ಮಡು. ಬೇಸಿಗೆ ಬಂದರೆ ಸಾಕು, ಮಂಗಗಳು ಕೊಂಬೆಯಿಂದ ಮಡುವಿಗೆ ಧುಮುಕುತ್ತಿದ್ದವು, ನೀರುನಾಯಿಗಳು ಪಾಚಿಬಂಡೆಯ ಮೇಲೆ ಜಾರುತ್ತಿದ್ದವು. ದೂರದ ಕಾಡುಗಳಿಂದಲೂ ನೆಂಟರು ಬರುತ್ತಿದ್ದರು.

ಬಂದವರಿಗೆ ಹೊಳೆ ತೋರಿಸುವ ಕೆಲಸ ಚಂಗಪ್ಪನೆಂಬ ಮೊಲದ್ದು. ಕಿವಿ ಉದ್ದ, ನಾಲಿಗೆ ಅದಕ್ಕಿಂತ ಉದ್ದ! ಯಾರಾದರೂ ಬಾಯಿ ಬಿಟ್ಟುಕೊಂಡು ಕೇಳಿದರೆ ಅವನಿಗೆ ಹುಲ್ಲೂ ಬೇಡ, ನೀರೂ ಬೇಡ.

"ಹುಲಿ ಅಟ್ಟಿಸಿಕೊಂಡು ಬಂದಾಗ ನಮ್ಮ ಮುತ್ತಜ್ಜ ಈ ಬಂಡೆಯಿಂದ ಆ ಬಂಡೆಗೆ ಒಂದೇ ನೆಗೆತಕ್ಕೆ ಹಾರಿದ! ಅದೂ ಹೇಗೆ? ಕಣ್ಣು ಮುಚ್ಚಿಕೊಂಡು!"

ಮಡುವಿನಲ್ಲಿ ಮೂಗು ಮಾತ್ರ ಮೇಲಿಟ್ಟು ಮಲಗಿದ್ದ ಎಮ್ಮೆ ಕಾಳಜ್ಜಿ ಕಿವಿ ಅಲ್ಲಾಡಿಸಿದಳು. "ಹಾರಿದ್ನಾ? ಅಯ್ಯೋ ಮಗಾ, ನಮ್ಮಮ್ಮ ಹೇಳ್ತಿದ್ದದ್ದು..."

"ಸುಮ್ಮನೆ ಮಲಗಿ ಅಜ್ಜಿ. ಇದು ಇತಿಹಾಸ. ನಿಮಗೆ ಗೊತ್ತಾಗಲ್ಲ."

ಒಂದು ದಿನ ಚಿಂಕಿ ಎಂಬ ತುಂಟ ಮಂಗ ಬಂದಳು. ಕತೆಯೆಲ್ಲ ಕೇಳಿ ಕಣ್ಣು ಮಿಟುಕಿಸಿದಳು.

"ಚಂಗಪ್ಪಣ್ಣ, ನೀವೂ ಒಂದ್ಸಲ ಹಾರಿ ತೋರಿಸಿ!"

"ಇವತ್ತು ಕಾಲು ಉಳುಕಿದೆ ಕಣಮ್ಮ."

"ಬರುವಾಗ ಕುಣಿದುಕೊಂಡು ಬಂದ್ರಿ?"

ನೀರುನಾಯಿಗಳು ಕಿಸಕ್ಕೆಂದವು. "ಹಾರಲಿಲ್ಲ ಅಂದ್ರೆ ನಾಳೆಯಿಂದ ಹೊಳೆ ತೋರಿಸೋದು ನಾವೇ!"

ಚಂಗಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. ಈ ಕೆಲಸ ಹೋದರೆ 'ಚಂಗಪ್ಪಣ್ಣ' ಎನ್ನುವವರು ಯಾರು? ಮುತ್ತಜ್ಜನಿಗೆ ಆದದ್ದು ತನಗೆ ಆಗದೇ ಎಂದುಕೊಂಡ. ಪಾಪ, ತಾನು ಹೆಣೆದ ಕತೆಯನ್ನು ಈಗ ತಾನೇ ನಂಬಿಬಿಟ್ಟಿದ್ದ! ಓಡಿ ಬಂದು ಚಂಗನೆ ನೆಗೆದ.

ಬಂಡೆ ಅಲ್ಲೇ ಉಳಿಯಿತು. ಚಂಗಪ್ಪ ನೀರಿನಲ್ಲಿದ್ದ.

"ಅಯ್ಯಯ್ಯೋ! ಈಜು ಬರಲ್ಲ! ಯಾರಾದ್ರೂ ಬನ್ರೋ!"

ಸೆಳೆತ ಅವನನ್ನು ಉರುಳಿಸಿಕೊಂಡು ಮಡುವಿಗೆ ತಂದು ಎಸೆಯಿತು. ಇನ್ನೇನು ಮುಳುಗಿದ ಅನ್ನುವಾಗ ಕಾಳಜ್ಜಿ ಅವನ ಕೆಳಗೆ ಬೆನ್ನು ಕೊಟ್ಟು ಮೇಲೆದ್ದಳು. ಚಂಗಪ್ಪ ಅವಳ ಕೋಡು ತಬ್ಬಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗಡಗಡ ನಡುಗುತ್ತಾ ಆಚೆ ದಡ ಸೇರಿದ.

"ನಿನ್ನ ಮುತ್ತಜ್ಜನೂ ಹೀಗೇ, ನಮ್ಮಮ್ಮನ ಬೆನ್ನ ಮೇಲೆ ಕೂತು ದಾಟಿದ. ಅದಕ್ಕೇ ಇದು ಮೊಲದಾಟು. ಹಾರಿದ್ದಿದ್ರೆ ಮೊಲಹಾರು ಅಂತಿರಲಿಲ್ವೇನೋ?" ಎಂದಳು ಕಾಳಜ್ಜಿ.

ಹೊಳೆಯ ಎರಡೂ ದಡ ಬಿದ್ದು ಬಿದ್ದು ನಕ್ಕವು. "ಇತಿಹಾಸ ಕಣ್ಣಾರೆ ನೋಡಿದ ಹಾಗಾಯ್ತು!" ಎಂದಳು ಚಿಂಕಿ.

ಚಂಗಪ್ಪ ಕಿವಿ ಹಿಂಡಿಕೊಳ್ಳುತ್ತಾ ಗೊಣಗಿದ: "ಮುತ್ತಜ್ಜ ಕಣ್ಣು ಮುಚ್ಚಿಕೊಂಡಿದ್ದ ಅಂತ ನಾನು ಮೊದಲೇ ಹೇಳಿರಲಿಲ್ವಾ?"

ನೀತಿ: ಅಜ್ಜನ ಕತೆಗೆ ರೆಕ್ಕೆ ಕಟ್ಟಿದವನು ಒಂದು ದಿನ ತಾನೇ ಹಾರಿ ತೋರಿಸಬೇಕಾಗುತ್ತದೆ.