ಮರಿಸಿದ್ದನ ಬೊಂಬೆಗಳು

ಸಾಕಮ್ಮನಿಗೆ ಒಬ್ಬನೇ ಮಗ, ಮರಿಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಬಂದ ಕಾಟ. ಊರ ಮಕ್ಕಳಿಗೆಲ್ಲ ಕಂಪ್ಯೂಟರ್ ಹೇಳಿಕೊಡುವ ಸಾಕಮ್ಮ, ಅವನಿಗೂ ಪ್ರೋಗ್ರಾಂ ಬರೆಯೋದು ಕಲಿಸಿದಳು. ಪಾಪ, ಅಕ್ಷರ ಒಂದೂ ತಪ್ಪುತ್ತಿರಲಿಲ್ಲ, ಬುದ್ಧಿ ಮಾತ್ರ ಹೇಳಿದ ಕಡೆಯಿಂದ ಆಚೆ ಹೋಗುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಅನ್ನೋದೊಂದೇ ಅವಳ ಚಿಂತೆ.

ಮರದ ಬೊಂಬೆ ಮಾಡುವ ಖಲೀಲ್ ಸಾಬರು ದಾರಿ ತೋರಿಸಿದರು. "ಹಸು, ಕೋಳಿ, ಮೀನು. ಮೂರು ಬೊಂಬೇನೂ ಆಡೋ ಹಂಗೆ ಪ್ರೋಗ್ರಾಂ ಬರೀಲಿ ಸಾಕಮ್ಮ. ಸರಿಹೋದ್ರೆ ನಮ್ಮಲ್ಲೇ ಕೆಲಸ."

ಮರಿಸಿದ್ದ ಬೊಂಬೆಗೊಂದು ಕ್ಲಾಸ್ ಬರೆದ, ಅಂದರೆ ಆ ಬೊಂಬೆ ಏನೇನು ಮಾಡಬೇಕು ಅನ್ನೋ ಪಟ್ಟಿ. ಗುಂಡಿ ಒತ್ತಿದರೆ ಏಳು, ಮತ್ತೆ ಒತ್ತಿದರೆ ಮಲಗು. ಇದನ್ನೇ ಹಸುವಿಗೂ ಬರೆದ, ಕೋಳಿಗೂ ಬರೆದ, ಮೀನಿಗೂ ಬರೆದ.

"ಅಯ್ಯೋ ಪೆದ್ದೇ, ಒಂದೇ ಮಾತನ್ನ ಎಷ್ಟು ಸಲ ಬರೀತೀಯೋ?" ಅಂದಳು ಸಾಕಮ್ಮ. " ತಾಯಿ ಕ್ಲಾಸ್ ಅಂತ ಒಂದು ಮಾಡು. ಅದರಲ್ಲಿ ಒಂದ್ಸಲ ಬರೆದ್ರೆ ಮಕ್ಕಳ ಕ್ಲಾಸಿಗೆಲ್ಲ ತಾನಾಗೇ ಬರುತ್ತೆ."

"ಆಯ್ತಮ್ಮ," ಅಂದ. ಏಳೋದು, ಮಲಗೋದು, ಹಸು ಕೋಳಿಗಳ ಕೂಗು, ಮೀನಿನ ಈಜು, ಇದ್ದಬದ್ದದ್ದೆಲ್ಲ ತಾಯಿ ಕ್ಲಾಸಿಗೆ ತುಂಬಿದ. ಸಾಬರು ಗುಂಡಿ ಒತ್ತಿದರು. ಮೀನು ಅಂಬಾ ಅಂತು, ಕೊಕ್ಕೊಕ್ಕೋ ಅಂತು. ಹಸು ನೆಲದ ಮೇಲೆ ಈಜಿತು. ಸಾಬರು ಗಡ್ಡ ಕೆರೆದುಕೊಂಡು ಮನೆಗೆ ಹೋದರು.

"ಎಲ್ಲರಿಗೂ ಬೇಕಾದ್ದು ಮಾತ್ರ ತಾಯಿಯಲ್ಲಿರಬೇಕು ಕಣೋ. ಒಬ್ಬರಿಗೆ ಬೇಡವಾದ್ರೂ ಅದನ್ನ ಅಲ್ಲಿಂದ ಕಿತ್ತುಹಾಕು."

"ಆಯ್ತಮ್ಮ." ಮೀನಿಗೆ ಕೂಗು ಬೇಡ, ಕಿತ್ತ. ಹಸುವಿಗೆ ಈಜು ಬೇಡ, ಕಿತ್ತ. ಕಿತ್ತದ್ದನ್ನು ಇನ್ನೆಲ್ಲಿ ಇಡಬೇಕು ಅಂತ ಅಮ್ಮ ಹೇಳಿರಲಿಲ್ಲ, ಇವನು ಇಡಲಿಲ್ಲ. ಬೊಂಬೆಗಳು ಎದ್ದವು, ಮಲಗಿದವು. ಅಷ್ಟೇ. ಇನ್ನೊಂದೇ ಸಲ ನೋಡ್ತೀನಿ ಅಂದರು ಸಾಬರು.

ಸಾಕಮ್ಮ ಹಣೆ ಹಣೆ ಚಚ್ಚಿಕೊಂಡಳು. "ಕಿತ್ತದ್ದನ್ನ ಅವರವರಿಗೆ ಕೊಡಬೇಕಲ್ಲೋ. ಹಸು ಕೂಗು ಹಸುವಿಗೆ, ಮೀನಿನ ಈಜು ಮೀನಿಗೆ. ತಾಯಿಗೆ ಇರೋದನ್ನ ಮಾತ್ರ ಮಕ್ಕಳಿಗೆ ಮತ್ತೆ ಮಾಡಬೇಡ. ತಾಯಿಗಾದ್ರೆ ಮಕ್ಕಳಿಗೂ ಆದ ಹಾಗೇ. ತಿಳೀತಾ?"

"ತಿಳೀತಮ್ಮ." ನಿಜವಾಗಿಯೂ ತಿಳಿದಿತ್ತು. ಹಸು ಅಂಬಾ ಅಂತು, ಕೋಳಿ ಕೊಕ್ಕೊಕ್ಕೋ ಅಂತು, ಮೀನು ತೆಪ್ಪಗೆ ಈಜಿತು. ನಾಳೆಯಿಂದಲೇ ಬಾ ಅಂದರು ಸಾಬರು. ಸಾಕಮ್ಮನಿಗೆ ಅಳು ಬಂತು.

ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬಿ ಮಗನನ್ನು ಕೆಲಸಕ್ಕೆ ಕಳಿಸಿದಳು. ಸಂಜೆ ಅವನು ತೂರಾಡಿಕೊಂಡು ಬಂದ. ಡಬ್ಬಿ ತುಂಬಿದ್ದದ್ದು ತುಂಬಿದ ಹಾಗೇ ಇತ್ತು.

"ಯಾಕೋ ಉಣ್ಣಲಿಲ್ಲ?"

"ನೀನು ಮನೇಲಿ ಉಂಡಿರ್ತೀಯಲ್ಲಮ್ಮ. ತಾಯಿಗಾದ ಮೇಲೆ ಮಗನಿಗೆ ಮತ್ತೆ ಯಾಕೆ?"

ಸಾಕಮ್ಮ ಹೊಡೆಯೋಕೆ ಕೈ ಎತ್ತಿದಳು. ಒಣಗಿದ ಅವನ ತುಟಿ ನೋಡಿ ಕೈ ಇಳಿಸಿದಳು. "ಮೊದಲ ದಿನ ಏನು ಮಾಡ್ಕೊಂಡು ಬರ್ತೀಯೋ ಅಂತ ಬೆಳಗಿಂದ ನನಗೂ ತುತ್ತು ಇಳಿದಿಲ್ಲ ಕಣೋ."

ಮರಿಸಿದ್ದನ ಮುಖ ಅರಳಿತು. "ಹಾಗನ್ನು. ಅದಕ್ಕೇ ನನಗೆ ಇಷ್ಟು ಹಸಿವು." ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ತಳ್ಳಿದ. "ಬೇಗ ಬೇಗ ಉಣ್ಣಮ್ಮ, ನನ್ನ ಕೈಲಿ ತಡಕೊಳ್ಳಕ್ಕಾಗ್ತಿಲ್ಲ."